ದಖನ್ ಬಸಾಲ್ಟ್: ಖನಿಜರಚನೆ ಮತ್ತು ಹರಳುಗಟ್ಟಿದ ಕ್ರಮ

ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಕಾಲ ಮುಗಿಯುವ ಹೊತ್ತಿಗೆ, ನೆಲದ ಬಿರುಕುಗಳಿಂದ ಉಕ್ಕಿ ಪದರಪದರವಾಗಿ ಹರಡಿದ ಲಾವಾದಿಂದ ಆದ ಶಿಲೆ ದಖನ್ ಬಸಾಲ್ಟ್. ಈಗ ಉಳಿದಿರುವ ಹರವು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಅದರ ದಕ್ಷಿಣದ ಅಂಚು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿದೆ. ಗೋಳಗುಮ್ಮಟ ಕಟ್ಟಿದ ಕಪ್ಪು ಕಲ್ಲು ಇದೇ. ಇದರ ಬಹುಭಾಗ ಕ್ಯಾಲ್ಸಿಯಂ ಹೆಚ್ಚಿರುವ ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸೀನ್ ಗುಂಪಿನ ಆಗೈಟ್. ಜೊತೆಗೆ ಪಿಜನೈಟ್, ಟೈಟೇನಿಯಂ ಸೇರಿದ ಮ್ಯಾಗ್ನಟೈಟ್, ಇಲ್ಮನೈಟ್, ಕೆಲವು ಪದರಗಳಲ್ಲಿ ಆಲಿವೀನ್, ಮತ್ತು ಹರಳಾಗಲು ಸಮಯ ಸಿಗದೆ ಉಳಿದ ಗಾಜು. ಗುಳ್ಳೆಗಳ ಟೊಳ್ಳಿನಲ್ಲಿ ತುಂಬಿಕೊಂಡಿರುವ ಜಿಯೋಲೈಟ್‌ಗಳು ಎಷ್ಟೇ ಚೆಲುವಾಗಿದ್ದರೂ ಲಾವಾದಿಂದ ಹುಟ್ಟಿದವಲ್ಲ; ಕಲ್ಲು ಗಟ್ಟಿಯಾದ ಮೇಲೆ ಅದರೊಳಗೆ ಸುಳಿದಾಡಿದ ಬಿಸಿನೀರು ಬಿಟ್ಟುಹೋದವು.

ಲಾವಾ ನೆಲದ ಮೇಲೆ ಆರಿದಾಗ ಬಸಾಲ್ಟ್ ಆಗುತ್ತದೆ ಎಂಬ ಪಠ್ಯಪುಸ್ತಕದ ಮಾತು ಈ ಶಿಲೆಯ ಮಟ್ಟಿಗೆ ಅರ್ಧ ಸತ್ಯ. ಅದರ ಹರಳುಗಟ್ಟುವಿಕೆಯ ದೊಡ್ಡ ಭಾಗ ಲಾವಾ ಹೊರಬೀಳುವ ಮೊದಲೇ, ಭೂಚಿಪ್ಪಿನೊಳಗೆ ನಡೆದಿತ್ತು. ಮೊದಲ ಸಾಕ್ಷ್ಯ ಮೆಗ್ನೀಸಿಯಂನದು. ಭೂಚಿಪ್ಪಿನ ಕೆಳಗಿರುವ ಮ್ಯಾಂಟಲ್‌ನ ಆಲಿವೀನ್ ಜೊತೆ ಸಮತೋಲದಲ್ಲಿದ್ದ ಶಿಲಾಪಾಕದಲ್ಲಿ ಮೆಗ್ನೀಸಿಯಂ ಆಕ್ಸೈಡ್ ಸಾಮಾನ್ಯವಾಗಿ ಶೇಕಡ 10ಕ್ಕೂ ಮೀರಿರಬೇಕು. ದಖನ್ ಪದರಗಳಲ್ಲಿ ಬಹುಪಾಲು 5ರಿಂದ 7ರ ನಡುವೆ ಇದೆ. ಮೆಗ್ನೀಸಿಯಂ ಹೊತ್ತ ಹರಳುಗಳು ದಾರಿಯಲ್ಲೇ ಬೇರ್ಪಟ್ಟಿವೆ ಎಂಬುದೇ ಇದರ ಸಹಜ ವಿವರಣೆ. ಎರಡನೆಯದು, ಆಲಿವೀನ್, ಪ್ಲೇಜಿಯೋಕ್ಲೇಸ್, ಆಗೈಟ್ ಮೂರೂ ಕಡಿಮೆ ಒತ್ತಡದಲ್ಲಿ ಒಟ್ಟಿಗೆ ಹರಳಾಗುವ ಸಂಯೋಜನೆಯ ಸುತ್ತಲೇ ಅನೇಕ ಮಾದರಿಗಳು ಗುಂಪುಗೂಡುತ್ತವೆ. ಮ್ಯಾಂಟಲ್‌ನಿಂದ ನೇರ ಚಿಮ್ಮಿದ ದ್ರವಕ್ಕೆ ಅಂಥ ನಿರ್ಬಂಧವಿರಬೇಕಾಗಿಲ್ಲ. ಮೂರನೆಯದು ಕಣ್ಣಿಗೇ ಕಾಣುತ್ತದೆ: ಪಶ್ಚಿಮ ಘಟ್ಟದ ಕೆಲವು ಪದರಗಳಲ್ಲಿ ಪ್ಲೇಜಿಯೋಕ್ಲೇಸ್ ಹರಳುಗಳು ಹಲವು ಸೆಂಟಿಮೀಟರ್ ಉದ್ದ, ಸುತ್ತಲಿನ ಕಣಗಳು ಮಾತ್ರ ಬಹಳ ಸಣ್ಣವು. ಒಂದೇ ವೇಗದಲ್ಲಿ ಆರಿದ ದ್ರವದಲ್ಲಿ ಇಂಥ ಎರಡು ಗಾತ್ರಗಳು ಹುಟ್ಟುವುದು ಕಷ್ಟ. (ಈ ಹರಳುಗಳ ಉದ್ದವನ್ನು ಬೆಳವಣಿಗೆಯ ದರದಿಂದ ಭಾಗಿಸಿ ಶಿಲಾಪಾಕ ಎಷ್ಟು ವರ್ಷ ಕಾದಿತ್ತೆಂದು ಹೇಳುವ ಲೆಕ್ಕಗಳಿವೆ, ಆ ದರವೇ ಊಹೆಯಾದ್ದರಿಂದ ಅವುಗಳನ್ನು ನೆಚ್ಚುವಂತಿಲ್ಲ.)

ನೆಲದ ಮೇಲೆ ನಿಂತ ಲಾವಾವೂ ನಿಧಾನವಾಗಿ ಆರಬಲ್ಲದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಹವಾಯಿಯ ಮಕಾವೊಪುಹಿ ಕುಳಿಯಲ್ಲಿ 1965ರಲ್ಲಿ ತುಂಬಿದ ಲಾವಾ ಸರೋವರದ ಹೆಪ್ಪನ್ನು ಕೊರೆದು ನೋಡಿದಾಗ, ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೂ ಖನಿಜಗಳು ಒಂದರ ಹಿಂದೊಂದು ಹುಟ್ಟುತ್ತಿದ್ದುದು ತಿಳಿಯಿತು. ದಖನ್ ಶಿಲೆಯ ಸಣ್ಣ ಕಣಗಳಿಗೆ, ಕೊನೆಗೆ ಬರುವ ಕಬ್ಬಿಣದ ಆಕ್ಸೈಡ್‌ಗಳಿಗೆ ಈ ವಿವರಣೆ ಸಲ್ಲುತ್ತದೆ. ದೊಡ್ಡ ಹರಳುಗಳಿಗೂ ಕಡಿಮೆ ಮೆಗ್ನೀಸಿಯಂಗೂ ಸಲ್ಲದು, ಏಕೆಂದರೆ ನಿಂತಲ್ಲೇ ಹರಳುಗಟ್ಟಿದರೆ ಇಡೀ ಪದರದ ಒಟ್ಟು ಸಂಯೋಜನೆ ಬದಲಾಗುವುದಿಲ್ಲ. ಭೂಚಿಪ್ಪಿನ ಗ್ರಾನೈಟ್ ಕರಗಿ ಬೆರೆತು ಮೆಗ್ನೀಸಿಯಂ ತಗ್ಗಿತೇ? ಬೆರಕೆ ನಡೆದದ್ದು ನಿಜ. ಗ್ರಾನೈಟ್ ಬೆರೆತರೆ ಏರುವ ಸ್ಟ್ರಾನ್ಷಿಯಂ ಐಸೋಟೋಪ್ ಅನುಪಾತ ಪಶ್ಚಿಮ ಘಟ್ಟದ ಬುಶೆ ಎಂಬ ಪದರಗಳಲ್ಲಿ ಅದನ್ನು ಸ್ಪಷ್ಟವಾಗಿ ತೋರುತ್ತದೆ. ಆದರೆ ಅದೇ ಘಟ್ಟದ ಅಂಬೇನಳಿ ಪದರಗಳಲ್ಲಿ ಆ ಅನುಪಾತ 0.704ರ ಆಸುಪಾಸಿನಲ್ಲಿದ್ದು ಬೆರಕೆ ಅತ್ಯಲ್ಪ. ಹಾಗಿದ್ದೂ ಮೆಗ್ನೀಸಿಯಂ ಅಲ್ಲೂ ಕಡಿಮೆಯೇ. ಬೇರ್ಪಟ್ಟ ಹರಳುಗಳು ಹಾಗಾದರೆ ಎಲ್ಲಿ ಹೋದವು ಎಂಬುದೇ ಎಲ್ಲಕ್ಕಿಂತ ಬಿಗಿಯಾದ ಪ್ರಶ್ನೆ. ಸೌರಾಷ್ಟ್ರದ ಕೊಳವೆಬಾವಿಗಳಲ್ಲಿ ಸಿಕ್ಕ ಆಲಿವೀನ್ ತುಂಬಿದ ಪಿಕ್ರೈಟ್ ಲಾವಾ, ಮೆಗ್ನೀಸಿಯಂ ಸಮೃದ್ಧ ಶಿಲಾಪಾಕ ಆ ಪ್ರಾಂತದಲ್ಲಿ ಇತ್ತೆಂಬುದಕ್ಕೆ ಆಧಾರ. ಮುಂಬಯಿ ಕರಾವಳಿಯ ಅಡಿಯಲ್ಲಿ ಗುರುತ್ವಾಕರ್ಷಣೆ ಸುತ್ತಲಿನದಕ್ಕಿಂತ ಹೆಚ್ಚಿರುವುದರಿಂದ, ಅಲ್ಲಿ ಸಾಂದ್ರವಾದ ಶಿಲಾರಾಶಿ ಹೂತಿದೆಯೆಂದು ಭೂಭೌತವಿಜ್ಞಾನಿಗಳು ಅರ್ಥೈಸುತ್ತಾರೆ. ಕೆಳಗೆ ಉಳಿದ ಆಲಿವೀನ್ ಮತ್ತು ಪೈರಾಕ್ಸೀನ್ ರಾಶಿಗೆ ಇರಬೇಕಾದ ಗುಣವೂ ಅದೇ.