ಗ್ಲಾಸ್ಗೋದಿಂದ ಬೆಂಗಳೂರಿಗೆ: ತಳಿಶಾಸ್ತ್ರದ ಪಿಎಚ್.ಡಿ. ಹಾದಿ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಬಿ.ಎಸ್ಸಿ. ಓದುವ ನಿಮಗೆ ತಳಿಶಾಸ್ತ್ರವೆಂದರೆ ಮೆಂಡಲನ ಬಟಾಣಿ ಗಿಡಗಳ ಪಾಠ. ಆ ಪಾಠದಿಂದ ಡಾಕ್ಟರೇಟ್‌ವರೆಗಿನ ದಾರಿ ನಮ್ಮ ನಾಡಿನಲ್ಲಿ ಹೇಗೆ ತೆರೆಯಿತು, ಇಂದು ಅದರ ಮೆಟ್ಟಿಲುಗಳು ಯಾವುವು ಎಂಬುದನ್ನು ನೀವು ತಿಳಿದಿರಬೇಕು.

1932ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಜನಿಸಿದ ಒಬೈದ್ ಸಿದ್ದಿಕಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದರು. ಪಿಎಚ್.ಡಿ.ಗಾಗಿ ಅವರು ಗ್ಲಾಸ್ಗೋಗೆ ಹೋಗಿ ಪಾಂಟೆಕೊರ್ವೊ ಅವರ ಶಿಷ್ಯರಾದರು. 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದಂತೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ವಿಭಾಗವನ್ನು ಕಟ್ಟಿದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. 2006ರಲ್ಲಿ ಪದ್ಮವಿಭೂಷಣ ಪಡೆದ ಅವರು 2013ರಲ್ಲಿ ಬೆಂಗಳೂರಿನಲ್ಲೇ ನಿಧನರಾದರು. ತಾವು ಯಾವುದಕ್ಕಾಗಿ ಕಡಲು ದಾಟಿದ್ದರೋ ಆ ತರಬೇತಿಯನ್ನು ಅವರು ಇಲ್ಲಿಯೇ ಸಿಗುವಂತೆ ಮಾಡಿದರು.

ರಾಜ್ಯದಲ್ಲಿ ಇನ್ನೂ ಎರಡು ಕವಲುಗಳಿವೆ. ಒಂದು ಕೃಷಿಯದು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಿಡುಗಡೆಯಾಯಿತು. ಹಿರಿಯೂರಿನ ಬಬ್ಬೂರು ಫಾರಂನಲ್ಲೂ ಕೃಷಿ ಸಂಶೋಧನಾ ಕೇಂದ್ರವಿದೆ. ಇನ್ನೊಂದು ಮೈಸೂರಿನ ಮಾನಸಗಂಗೋತ್ರಿಯದು. ಅಲ್ಲಿ ಹಣ್ಣಿನ ನೊಣದ ಮೇಲೆ ದಶಕಗಳಿಂದ ಸಂಶೋಧನೆ ನಡೆದಿದೆ. ನಮ್ಮ ಜಿಲ್ಲೆಯ ಕಾಲೇಜುಗಳು ಮೊದಲು ಮೈಸೂರು, 1987ರ ನಂತರ ಕುವೆಂಪು, 2009ರ ನಂತರ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಹೀಗೆ ವಿಶ್ವವಿದ್ಯಾಲಯವೇ ನಮ್ಮ ಮನೆಯ ಹತ್ತಿರ ಬಂದಿದೆ.

ಈಗ ಮೆಟ್ಟಿಲುಗಳನ್ನು ನೋಡೋಣ. ಸಾಮಾನ್ಯವಾಗಿ ಎಂ.ಎಸ್ಸಿ. ಮುಗಿಸಿದವರು ಪ್ರವೇಶ ಪರೀಕ್ಷೆ ಅಥವಾ ನೆಟ್ ಬರೆದು, ಸಂದರ್ಶನ ಎದುರಿಸಿ, ಮಾರ್ಗದರ್ಶಕರನ್ನು ಪಡೆಯುತ್ತಾರೆ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ ಎಂಟು ಮಂದಿಗಿಂತ ಹೆಚ್ಚು ಸಂಶೋಧಕರನ್ನು ತೆಗೆದುಕೊಳ್ಳುವಂತಿಲ್ಲ. ಮೊದಲಿಗೆ ಕೋರ್ಸ್‌ವರ್ಕ್, ಅನಂತರ ಪ್ರಯೋಗಾಲಯದ ಕೆಲಸ. ಪ್ರತಿ ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ಕೊನೆಗೆ ಮಹಾಪ್ರಬಂಧ, ಹೊರಗಿನ ಇಬ್ಬರು ಪರೀಕ್ಷಕರ ಮೌಲ್ಯಮಾಪನ, ಮೌಖಿಕ ಪರೀಕ್ಷೆ. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಇನ್ನೂ ಎರಡು ವರ್ಷಗಳ ರಿಯಾಯಿತಿ ಇದೆ. ಮದುವೆಯ ಕಾರಣಕ್ಕೆ ಓದು ನಿಲ್ಲಿಸಬೇಕೆಂದುಕೊಂಡಿರುವ ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

"ಇಷ್ಟು ವರ್ಷ ಮನೆ ನಡೆಯುವುದು ಹೇಗೆ?" ಎಂದು ಪೋಷಕರು ಕೇಳುವುದು ಸಹಜ. ಅಲ್ಪಸಂಖ್ಯಾತ ಸಂಶೋಧಕರಿಗೆಂದು 2009ರಲ್ಲಿ ಆರಂಭವಾದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್‌ಗೆ 2022-23ರಿಂದ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ನಮಗೆ ಇದು ನಷ್ಟವೇ ಸರಿ. ಆದರೆ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ ಸಿಗುವ ಮಾಸಿಕ ಮೊತ್ತವನ್ನು 2023ರ ಜನವರಿಯಿಂದ 37,000 ರೂಪಾಯಿಗೆ ಏರಿಸಲಾಗಿದೆ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಯೋಜನೆಗಳ ಬಗ್ಗೆಯೂ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿರಿ.

ಆದ್ದರಿಂದ ವಿದ್ಯಾರ್ಥಿಗಳೇ, ನೆಟ್ ಪರೀಕ್ಷೆಯ ತಯಾರಿಯನ್ನು ಎಂ.ಎಸ್ಸಿ. ಮುಗಿದ ಮೇಲೆ ನೋಡೋಣವೆಂದು ಮುಂದೂಡದೆ, ಬಿ.ಎಸ್ಸಿ. ಎರಡನೆಯ ವರ್ಷದಲ್ಲಿಯೇ ಶುರು ಮಾಡಿರಿ. ಸಂಸ್ಥೆಯ ಹಿರಿಯರು ತಾಲ್ಲೂಕಿಗೊಂದು ಅಧ್ಯಯನ ಕೂಟ ಏರ್ಪಡಿಸಿ ಪುಸ್ತಕಗಳನ್ನು ಒದಗಿಸಿದರೆ ಅದು ದೊಡ್ಡ ಸೇವೆಯಾದೀತು. ಬೆಂಗಳೂರು ನಮ್ಮಿಂದ ಸುಮಾರು 200 ಕಿಲೋಮೀಟರ್. ಗ್ಲಾಸ್ಗೋದಷ್ಟು ದೂರವಿಲ್ಲ.