ಕರೆಂಟ್ ಕೊಡಿಸುವ ದಿನಗಳ ಊಟ

ಉಳವಿ, ಸೊರಬ, ಶಿಕಾರಿಪುರದ ಕಡೆ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡಿಸೋದು’ ಎನ್ನುತ್ತಾರೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಈ ಕರೆಂಟು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ಎಲ್ಲಿಗೆ ಹೋದರೂ ರೂಮು ಮಾಡಿಕೊಂಡು ಹೋಟೆಲ್ ಇಡ್ಲಿಯ ಮೇಲೆ ದಿನ ತಳ್ಳಬೇಕು. ಎರಡು-ಮೂರನೆಯ ವಾರದ ಹೊತ್ತಿಗೆ ಬಾಯಿಯ ಒಳಪದರ ಕೆಂಪೇರಿ ಹುಣ್ಣಾಗುತ್ತದೆ, ಜೊಲ್ಲು ಬತ್ತುತ್ತದೆ, ನಾಲಿಗೆಗೆ ರುಚಿಯೇ ತಿಳಿಯುವುದಿಲ್ಲ. ಆಗ ನೋಡಲು ಬಂದವರೆಲ್ಲ ಒಂದೊಂದು ತರುತ್ತಾರೆ: ಪ್ರೋಟೀನ್ ಪುಡಿಯ ಡಬ್ಬಿ, ಅರಿಶಿನದ ಕ್ಯಾಪ್ಸೂಲು, ಅಮೃತಬಳ್ಳಿ ಕಷಾಯ, ವಿಟಮಿನ್ ಮಾತ್ರೆ. ಇವುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಕೈಕೊಡುತ್ತದೆ ಎಂಬುದನ್ನು ವಿಜ್ಞಾನ ಹುಡುಕತೊಡಗಿ ಮುಕ್ಕಾಲು ಶತಮಾನವಾಯಿತು.

ಹುಡುಕಾಟ ಶುರುವಾದದ್ದು ಅಣುಬಾಂಬಿನ ಭಯದಿಂದ. 1949ರಲ್ಲಿ ಅಮೆರಿಕದ ಹಾರ್ವೆ ಪ್ಯಾಟ್ ಮತ್ತು ಸಂಗಡಿಗರು ಇಲಿಗಳಿಗೆ ಸಿಸ್ಟೀನ್ ಎಂಬ ಅಮೈನೋ ಆಮ್ಲ ಕೊಟ್ಟು ಆಮೇಲೆ ಎಕ್ಸ್-ರೇ ಹಾಯಿಸಿದರು. ಸಾಯಬೇಕಿದ್ದ ಇಲಿಗಳಲ್ಲಿ ಅನೇಕ ಉಳಿದುಕೊಂಡವು. ಸಿಸ್ಟೀನ್ ಮೊಟ್ಟೆಯಲ್ಲಿ, ಬೇಳೆಯಲ್ಲಿ ಇರುವಂಥದ್ದೇ. ಆಹಾರದ ಒಂದು ಅಂಶ ವಿಕಿರಣಕ್ಕೆ ತಡೆಯಾಗಬಲ್ಲದು ಎಂಬ ಆಸೆ ಅಲ್ಲಿಂದ ಹುಟ್ಟಿತು. ಅಮೆರಿಕದ ಸೇನೆಯ ವಾಲ್ಟರ್ ರೀಡ್ ಸಂಸ್ಥೆ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಜಾಲಾಡಿ ಅಮಿಫೋಸ್ಟಿನ್ ಎಂಬ ಔಷಧ ಹೊರತಂದಿತು. ಕರೆಂಟಿನಿಂದ ಬಾಯಿ ಒಣಗುವುದನ್ನು ತಗ್ಗಿಸಲು 1999ರಲ್ಲಿ ಅದಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಇಂಜೆಕ್ಷನ್. ವಾಂತಿ ಬರಿಸುತ್ತದೆ, ಬಿಪಿ ಇಳಿಸುತ್ತದೆ.

ಈ ಕಥೆಯಲ್ಲಿ ಕರ್ನಾಟಕಕ್ಕೂ ದೊಡ್ಡ ಪಾಲಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು ತುಳಸಿ ಎಲೆಯ ಸಾರವನ್ನು ಇಲಿಗಳ ಮೇಲೆ ಪ್ರಯೋಗಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾರ ಕೊಟ್ಟ ಇಲಿಗಳು ವಿಕಿರಣವನ್ನು ಹೆಚ್ಚು ತಾಳಿಕೊಂಡವು. ಎಲೆಯೊಳಗಿನ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಅಂಶಗಳನ್ನೂ ಅವರ ತಂಡ ಬೇರ್ಪಡಿಸಿ ಪರೀಕ್ಷಿಸಿತು. ಇದು ಹೆಮ್ಮೆಪಡುವ ಕೆಲಸ. ಆದರೆ ಇಲಿಯ ಫಲಿತಾಂಶವನ್ನೇ ಹಿಡಿದು ಕ್ಯಾನ್ಸರ್ ರೋಗಿಗೆ ತುಳಸಿ ಮಾತ್ರೆ ಮಾರುವುದು ಬೇರೆಯೇ ವಿಷಯ. ಇಲಿಯನ್ನು ವಿಕಿರಣದಿಂದ ಉಳಿಸಿದರೆ ಸಾಕು. ರೋಗಿಯ ಮೈಯಲ್ಲಿ ಗಡ್ಡೆ ಸಾಯಬೇಕು, ಮಿಕ್ಕದ್ದೆಲ್ಲ ಉಳಿಯಬೇಕು.

ಈ ವ್ಯತ್ಯಾಸವನ್ನು ಮನದಟ್ಟು ಮಾಡಿಸಿದ್ದು ಕೆನಡಾದ ಕ್ವಿಬೆಕ್‌ನ ಅಧ್ಯಯನ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಯೋಗ ಇನ್ನೊಂದಿಲ್ಲ. ಇಸಾಬೆಲ್ ಬೈರಾಟಿ ಮತ್ತು ಸಂಗಡಿಗರು ತಲೆ-ಕುತ್ತಿಗೆ ಭಾಗದ ಕ್ಯಾನ್ಸರಿದ್ದ 540 ರೋಗಿಗಳಲ್ಲಿ ಕೆಲವರಿಗೆ ಕರೆಂಟಿನ ದಿನಗಳಲ್ಲೂ ಆಮೇಲೂ ವಿಟಮಿನ್ ಇ ಮಾತ್ರೆ ಕೊಟ್ಟರು. ಮೊದಮೊದಲು ಬೀಟಾ ಕ್ಯಾರೋಟಿನ್ ಕೂಡ ಜೊತೆಗಿತ್ತು. ಎರಡನ್ನೂ ತೆಗೆದುಕೊಂಡವರಲ್ಲಿ ತೀವ್ರ ಅಡ್ಡಪರಿಣಾಮಗಳು ನಿಜಕ್ಕೂ ಕಡಿಮೆಯಾದವು. ಅಷ್ಟರಲ್ಲೇ ನಿಲ್ಲಿಸಿದ್ದರೆ ಇಂದು ಆ ಮಾತ್ರೆ ಎಲ್ಲ ಆಸ್ಪತ್ರೆಗಳಲ್ಲೂ ಇರುತ್ತಿತ್ತೋ ಏನೋ. ಅವರು ನಿಲ್ಲಿಸಲಿಲ್ಲ, ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಮಾತ್ರೆ ನುಂಗುತ್ತಿದ್ದ ಅವಧಿಯಲ್ಲಿ ಹೊಸದಾಗಿ ಎರಡನೆಯ ಕ್ಯಾನ್ಸರ್ ಕಾಣಿಸಿಕೊಂಡದ್ದು ಮಾತ್ರೆಯ ಗುಂಪಿನಲ್ಲೇ ಹೆಚ್ಚು ಎಂದು 2005ರಲ್ಲಿ ಗೊತ್ತಾಯಿತು. ಮರುವರ್ಷದ ವರದಿಯಲ್ಲಿ ಸಾವುಗಳೂ ಆ ಗುಂಪಿನಲ್ಲೇ ಹೆಚ್ಚಿದ್ದವು. ಕರೆಂಟಿನ ದಿನಗಳಲ್ಲೂ ಸಿಗರೇಟು ಬಿಡದವರಲ್ಲಿ ಈ ಕೆಡುಕು ಎದ್ದು ಕಂಡಿತೆಂದು 2008ರ ವಿಶ್ಲೇಷಣೆ ಹೇಳಿತು. ಹುಣ್ಣು ಕಡಿಮೆಯಾಯಿತು ಎಂದಾಗ ಗಡ್ಡೆ ಏನಾಯಿತು ಎಂದೂ ಕೇಳಬೇಕು.

ನಮ್ಮ ಸೀಮೆಗೆ ಈ ಎಚ್ಚರ ಹೆಚ್ಚೇ ಬೇಕು. ಆನಂದಪುರದ ಹತ್ತಿರದ ನರಸೀಪುರಕ್ಕೆ ನಾಟಿ ಔಷಧಕ್ಕಾಗಿ ದೂರದ ರಾಜ್ಯಗಳಿಂದಲೂ ಜನ ಬಂದು ಸಾಲು ನಿಲ್ಲುತ್ತಿದ್ದ ನಾಡಿದು. ಕರೆಂಟಿನ ಜೊತೆಗೆ ಕಷಾಯವನ್ನೂ ಕುಡಿಯುವವರಿದ್ದಾರೆ. ಬೈಯುತ್ತಾರೆಂದು ಡಾಕ್ಟರಿಗೆ ಹೇಳುವುದಿಲ್ಲ. ಹೇಳಲೇಬೇಕು. ಡಾಕ್ಟರುಗಳೂ ಬೈಯದೆ ಕೇಳಬೇಕು. ಎಲೆ-ಅಡಿಕೆ, ತಂಬಾಕು, ಗುಟ್ಕಾದ ವಿಷಯವೂ ಹಾಗೆಯೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆದು ಬದುಕುವವರಿಗೆ ಇದು ಕಹಿ ಮಾತು. ಆದರೂ ಚಿಕಿತ್ಸೆ ನಡೆಯುವಾಗ ಎಲೆ-ಅಡಿಕೆಯ ಕವಳ ಬಿಡದೆ ಬೇರಾವ ಪಥ್ಯ ಮಾಡಿಯೂ ಲಾಭವಿಲ್ಲ.

ಅರಿಶಿನದ ಕಥೆ ಎರಡು ದಾರಿ ಹಿಡಿಯಿತು. ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ ಮಂಜೇಶ್ವರ ಶ್ರೀನಾಥ ಬಾಳಿಗ ಅವರ ತಂಡ 80 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಅರಿಶಿನದ ನೀರಿನಿಂದ, ಉಳಿದವರಿಗೆ ಪೊವಿಡೋನ್ ಅಯೋಡಿನ್‌ನಿಂದ ಬಾಯಿ ಮುಕ್ಕಳಿಸಲು ಹೇಳಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅರಿಶಿನದವರಿಗೆ ಹುಣ್ಣು ತಡವಾಗಿ ಬಂತು, ತೀವ್ರತೆಯೂ ಕಡಿಮೆಯಿತ್ತು. ಇನ್ನೊಂದು ದಾರಿ ಕ್ಯಾಪ್ಸೂಲಿನದು. ಅಮೆರಿಕದ ರೋಚೆಸ್ಟರ್‌ನಲ್ಲಿ ಸ್ತನ ಕ್ಯಾನ್ಸರಿಗೆ ಕರೆಂಟು ಪಡೆಯುತ್ತಿದ್ದ 30 ಮಹಿಳೆಯರಲ್ಲಿ ಕೆಲವರಿಗೆ ಅರಿಶಿನದ ಸತ್ವವಾದ ಕರ್ಕ್ಯುಮಿನ್ ದಿನಕ್ಕೆ 6 ಗ್ರಾಂನಂತೆ ಕೊಟ್ಟಾಗ ಚರ್ಮದ ಉರಿಯೂತ ತಗ್ಗಿತೆಂದು 2013ರಲ್ಲಿ ವರದಿಯಾಯಿತು. ಅದೇ ತಂಡ 686 ಮಂದಿಯಲ್ಲಿ ಮತ್ತೆ ಪರೀಕ್ಷಿಸಿ, ವ್ಯತ್ಯಾಸವೇನೂ ಕಾಣಲಿಲ್ಲವೆಂದು 2018ರಲ್ಲಿ ಪ್ರಾಮಾಣಿಕವಾಗಿ ಬರೆಯಿತು. ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ; ಮುಕ್ಕಳಿಸಿದ ಅರಿಶಿನ ನೇರ ಹುಣ್ಣಿಗೇ ತಾಗುತ್ತದೆ. ಆದರೂ 80 ಮಂದಿಯ ಅಧ್ಯಯನ ಚಿಕ್ಕದೇ, ದೊಡ್ಡದೊಂದು ನಮ್ಮಲ್ಲೇ ನಡೆಯಬೇಕು.

ಜಿಂಕ್‌ನದ್ದೂ ಇದೇ ಹಾದಿ: ಚಿಕ್ಕ ಪ್ರಯೋಗಗಳು ಆಸೆ ಹುಟ್ಟಿಸಿದವು, ರುಚಿ ಮರಳಿಸುತ್ತದೆಯೇ ಎಂದು ನೋಡಿದ 2007ರ ಅಮೆರಿಕದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಜೇನುತುಪ್ಪದ ಸ್ಥಿತಿ ಮೇಲು. ಬಾಯಿಹುಣ್ಣಿನ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ 2020ರಲ್ಲಿ ತಲೆ-ಕುತ್ತಿಗೆಯ ಕರೆಂಟಿಗೆ ಅದನ್ನು ಸಲಹೆಯ ಮಟ್ಟಕ್ಕೆ ತಂದಿತು. ಸಕ್ಕರೆ ಕಾಯಿಲೆಯವರಿಗೆ ಇದು ಸಲ್ಲದು. ಜೊಲ್ಲು ಬತ್ತಿದ ಬಾಯಲ್ಲಿ ಹಲ್ಲು ಬೇಗ ಹುಳುಕುವುದರಿಂದ ಜೇನು ತಿಂದವರು ಬಾಯಿ ತೊಳೆಯಲೇಬೇಕು.

ಗರ್ಭಕೊರಳಿನ ಕ್ಯಾನ್ಸರಿಗೆ ಕಿಬ್ಬೊಟ್ಟೆಗೆ ಕರೆಂಟು ಪಡೆಯುವ ಹೆಂಗಸರ ಕಷ್ಟ ಭೇದಿ. ಇಟಲಿಯಲ್ಲಿ 490 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಪ್ರೋಬಯಾಟಿಕ್ ಪುಡಿ ಭೇದಿಯನ್ನು ತಗ್ಗಿಸಿತು (2007). ನಾರು ಬಿಡಿ ಎಂಬ ಹಳೆಯ ಪಥ್ಯವನ್ನು ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ 2017ರ ಅಧ್ಯಯನ ಪ್ರಶ್ನಿಸಿತು. ನಾರಿನಂಶ ಹೆಚ್ಚು ತಿಂದವರ ಹೊಟ್ಟೆಯೇ ಮೇಲಾಗಿತ್ತು. ಸೊಪ್ಪು, ಬೇಳೆ ಬಿಡಿಸುವ ಮುನ್ನ ಈಗ ಯೋಚಿಸಬೇಕಾಗಿದೆ.

ಇಷ್ಟೆಲ್ಲ ಡಬ್ಬಿ-ಮಾತ್ರೆಗಳ ನಡುವೆ ನಿಜವಾದ ತಿರುವು ಬಂದದ್ದು ಪೋರ್ಚುಗಲ್‌ನಿಂದ. ಪೌಲಾ ರವಾಸ್ಕೊ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 75 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪಥ್ಯತಜ್ಞರು ಕೂತು, ಮನೆಯ ಊಟವನ್ನೇ ಹೇಗೆ ತಿದ್ದಿಕೊಳ್ಳಬೇಕೆಂದು ಹೇಳಿಕೊಟ್ಟರು. ಎರಡನೆಯದಕ್ಕೆ ಪ್ರೋಟೀನ್ ಡಬ್ಬಿ, ಮೂರನೆಯದಕ್ಕೆ ಎಂದಿನ ಊಟ. ಚಿಕಿತ್ಸೆ ಮುಗಿದು ಮೂರು ತಿಂಗಳಾದಾಗ ಹಸಿವು, ರುಚಿ, ವಾಕರಿಕೆಯ ತೊಂದರೆಗಳಲ್ಲಿ ಚೇತರಿಸಿಕೊಂಡವರು ಮೊದಲ ಗುಂಪಿನಲ್ಲಿ 90%, ಡಬ್ಬಿಯವರಲ್ಲಿ 67%, ಉಳಿದವರಲ್ಲಿ 51%. ಡಬ್ಬಿ ನಿಷ್ಪ್ರಯೋಜಕವೇನಲ್ಲ. ಆದರೆ ಅದು ಮುಗಿದ ಮೇಲೂ ಉಳಿದದ್ದು ಕಲಿತ ಊಟ.

ಲೆಕ್ಕ ಹಾಕಿ ನೋಡೋಣ. ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿಯಂತೆ ರೋಗಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇರುವವರಿಗೆ 50ರಿಂದ 75 ಗ್ರಾಂ ಪ್ರೋಟೀನ್. 50 ಗ್ರಾಂ ಅಕ್ಕಿಯ ಗಂಜಿಯಲ್ಲಿ ಸಿಗುವುದು ಮೂರೂವರೆ ಗ್ರಾಂ. ಅದೇ ಗಂಜಿಗೆ ಹೆಸರುಬೇಳೆ ಸೇರಿಸಿ ನುಣ್ಣಗೆ ಬೇಯಿಸಿ, ಒಂದು ಮೊಟ್ಟೆ ಕದಡಿ, ತುಪ್ಪ ಹಾಕಿದರೆ ಲೆಕ್ಕ ಬೇರೆಯಾಗುತ್ತದೆ. ಮೊಟ್ಟೆ ತಿನ್ನದವರ ಮನೆಯಲ್ಲಿ ಹಾಲಿಗೆ ಎರಡು ಚಮಚ ಹಾಲಿನ ಪುಡಿ ಕಲಸಬಹುದು. ತಂಬುಳಿ ನಮ್ಮ ಮಲೆನಾಡಿನ ವರ. ಒಂದೆಲಗವನ್ನು ತುಪ್ಪದಲ್ಲಿ ಬಾಡಿಸಿ, ಕಾಯಿ, ಜೀರಿಗೆಯ ಜೊತೆ ರುಬ್ಬಿ, ಮೆಣಸು ಬಿಟ್ಟು ಮಜ್ಜಿಗೆಯ ಬದಲು ಗಟ್ಟಿ ಮೊಸರಿನಲ್ಲಿ ಕಲಸಿದರೆ ಹುಣ್ಣಿನ ಬಾಯಿಗೂ ಇಳಿಯುತ್ತದೆ. ಮೊಸರು ಹುಳಿಯಾಗಿರಬಾರದು. ಮಿಡಿ ಉಪ್ಪಿನಕಾಯಿಯನ್ನಂತೂ ಕೆಲವು ತಿಂಗಳು ಮರೆಯಬೇಕು. ನುಂಗಲೇ ಆಗದಿದ್ದರೆ ಮೂಗಿನ ಕೊಳವೆ ಹಾಕಿಸಿಕೊಳ್ಳಲು ಹೆದರಬೇಕಿಲ್ಲ, ಹುಣ್ಣು ಮಾಗಿದ ಮೇಲೆ ತೆಗೆಯುತ್ತಾರೆ.

ಬಾಯಿಹುಣ್ಣು ಸಾಮಾನ್ಯವಾಗಿ ಕೊನೆಯ ಕರೆಂಟಿನ ಆಸುಪಾಸಿನಲ್ಲೇ ಜೋರಾಗಿ, ಇನ್ನೂ ಎರಡು-ಮೂರು ವಾರ ಕಾಡುತ್ತದೆ. ಡಿಸ್ಚಾರ್ಜ್ ಚೀಟಿ ಹಿಡಿದು ರೋಗಿ ಊರಿಗೆ ಬರುವುದೂ ಅದೇ ಹೊತ್ತಿಗೆ. ಪಥ್ಯತಜ್ಞರು ಇರುವುದು ಪಟ್ಟಣದಲ್ಲಿ, ಹುಣ್ಣು ಇರುವುದು ಉಳವಿಯಲ್ಲಿ. ಈ ವಾರಗಳಲ್ಲಿ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ತೂಕ ಬರೆದು, ಇಳಿಯುತ್ತಿದ್ದರೆ ಆಸ್ಪತ್ರೆಗೆ ಫೋನ್ ಮಾಡುವ ಏರ್ಪಾಡು ಪ್ರತಿ ಹೋಬಳಿಯಲ್ಲೂ ಬೇಕು. ಅದಕ್ಕೆ ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್, ಆಸ್ಪತ್ರೆಯಲ್ಲಿ ಫೋನ್ ಎತ್ತುವ ಒಬ್ಬ ಪಥ್ಯತಜ್ಞೆ ಸಾಕು.