ಬಂಡ್ ಎಂಬ ಪದದ ಬಂಧುಬಳಗ



ಹೊಂಬಳದ ಎರೆಹೊಲಗಳ ನಡುವಿನ ಮಣ್ಣಿನ ಏರಿಯನ್ನು ನಾವು ಬದು ಎನ್ನುತ್ತೇವೆ, ಒಡ್ಡು ಎಂದೂ ಕರೆಯುತ್ತೇವೆ. ಗಡಿಯ ಗುರುತು ಬಾಂದು. ಸರಕಾರದ ಕಾಗದಪತ್ರಗಳಲ್ಲಿ ಇದೇ ಒಡ್ಡು ‘ಬಂಡ್’ ಆಗುತ್ತದೆ. ಇಂಗ್ಲಿಷ್ ಪದಗಳ ಮೂಲವನ್ನು ಹುಡುಕುವ ಹವ್ಯಾಸವುಳ್ಳ ನನಗೆ ಈ ಪದದ ಮೇಲೆ ವಿಶೇಷ ಮಮತೆ. ಅದು ಇಂಗ್ಲೆಂಡಿನಿಂದ ನಮ್ಮಲ್ಲಿಗೆ ಬಂದದ್ದಲ್ಲ, ಭಾರತದಿಂದ ಇಂಗ್ಲಿಷಿಗೆ ಹೋದದ್ದು.

ಯೂಲ್ ಮತ್ತು ಬರ್ನೆಲ್ ಅವರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಈ ಪದಕ್ಕೆ ಸ್ಥಾನವಿದೆ. ಪಾರಸಿಯ ‘ಬಂದ್’ ಹಿಂದುಸ್ತಾನಿಗೆ ಬಂದು, ಅಲ್ಲಿಂದ ಇಂಗ್ಲಿಷರ ನಾಲಿಗೆಗೆ ಏರಿತು. ಅವರ ವರ್ತಕರು ಅದನ್ನು ಚೀನಕ್ಕೂ ಒಯ್ದರು. ಶಾಂಘೈ ನಗರದ ನದಿದಂಡೆಯ ಬೀದಿಗೆ ಇಂದಿಗೂ ಇಂಗ್ಲಿಷಿನಲ್ಲಿ ‘ದಿ ಬಂಡ್’ ಎಂದೇ ಹೆಸರು. ಎಣ್ಣೆಯ ಟ್ಯಾಂಕು ಸೋರಿದರೆ ಹೊರಗೆ ಹರಿಯದಂತೆ ಸುತ್ತಲೂ ಕಟ್ಟುವ ಗೋಡೆಯೂ ಬಂಡ್ ಎನಿಸಿಕೊಂಡಿದೆ.

ಮೂಲದಲ್ಲಿ ಈ ಪದದ ಅರ್ಥ ‘ಕಟ್ಟು’ ಎಂದು. ಸಂಸ್ಕೃತದ ಬಂಧ ಮತ್ತು ಬಂಧು, ಮರಾಠಿಯ ಬಾಂಧ, ನಮ್ಮ ಬಾಂದು, ಅಂಗಡಿಗಳ ಬಂದ್, ಪೋಲೀಸರ ಬಂದೋಬಸ್ತು, ಇಂಗ್ಲಿಷಿನ ಬೈಂಡ್ ಮತ್ತು ಬಾಂಡ್ ಇವೆಲ್ಲವೂ ಒಂದೇ ಮನೆತನದವು. ಹೊಲಗಳನ್ನು ಬೇರ್ಪಡಿಸುವ ಪದವೂ ನಂಟರನ್ನು ಹೆಸರಿಸುವ ಪದವೂ ಒಂದೇ ಬೇರಿನಿಂದ ಚಿಗುರಿರುವುದು ಆಲೋಚಿಸತಕ್ಕ ಸಂಗತಿ.

ನಮ್ಮ ಭಾಗವು ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದಲ್ಲಿ 1835ರಲ್ಲಿ ಪುಣೆ ಸೀಮೆಯ ಇಂದಾಪುರದಿಂದ ಆರಂಭವಾದ ಭೂಮಾಪನವು ಮುಂದೆ ಧಾರವಾಡ ಸೀಮೆಗೂ ಬಂದಿತು; ಪ್ರತಿ ಹೊಲಕ್ಕೂ ನಂಬರು ಬಿತ್ತು, ಬಾಂದುಗಲ್ಲು ನೆಡಲಾಯಿತು. ಆಗ ಒಡ್ಡಿನ ಕೆಲಸ ಗಡಿ ತೋರಿಸುವುದು. 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯು ಅದರ ಇನ್ನೊಂದು ಕೆಲಸಕ್ಕೆ ಬಲ ಕೊಟ್ಟಿತು: ಮಣ್ಣನ್ನೂ ನೀರನ್ನೂ ಹಿಡಿದಿಡುವುದು. ನಮ್ಮಲ್ಲಿ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಾತ್ರ, ಅದರಲ್ಲಿಯೂ ಬಹುಪಾಲು ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಎರೆಮಣ್ಣು ನೀರನ್ನು ನಿಧಾನವಾಗಿ ಕುಡಿಯುತ್ತದೆ. ಒಡ್ಡು ಇಲ್ಲದಿದ್ದರೆ ನೀರು ಮೇಲ್ಮಣ್ಣನ್ನು ಹೊತ್ತುಕೊಂಡು ಹಳ್ಳ ಸೇರುತ್ತದೆ. ಹಿಂಗಾರಿಯ ಬಿಳಿಜೋಳವೂ ಕಡಲೆಯೂ ಬೆಳೆಯುವುದು ಹೀಗೆ ಉಳಿದ ಹಸಿಯ ಮೇಲೆಯೇ.

ಇದನ್ನೆಲ್ಲ ಬರೆಯಲು ಕಾರಣವಿದೆ. ಅಣ್ಣತಮ್ಮಂದಿರು ಹಿಸೆಯಾದ ಮೇಲೆ ಎರಡೂ ಕಡೆಯಿಂದ ವರ್ಷಕ್ಕೊಂದು ಸಾಲು ಬದುವನ್ನು ಹರಗುತ್ತ ಹೋಗುವುದನ್ನು ನಾನು ಹಲವು ಹೊಲಗಳಲ್ಲಿ ಕಂಡಿದ್ದೇನೆ. ಒಂದು ಗೇಣು ನೆಲ ದಕ್ಕಿತೆಂಬ ಸಂತೋಷ ಮೊದಲ ದೊಡ್ಡ ಮಳೆಯವರೆಗೆ ಮಾತ್ರ. ಅಲ್ಲಿಗೆ ಒಡ್ಡು ಒಡೆದು ಇಬ್ಬರ ಮಣ್ಣೂ ಹೋಗುತ್ತದೆ. ಆಮೇಲೆ ಉಳಿಯುವುದು ಕೋರ್ಟಿನ ಅಲೆದಾಟ.

ಬದು ಇಬ್ಬರಲ್ಲಿ ಯಾರೊಬ್ಬರದೂ ಅಲ್ಲ, ಇಬ್ಬರಿಗೂ ಸೇರಿದ್ದು. ನಿಮ್ಮಲ್ಲಿ ಊರಿನ ಹೊಲವನ್ನು ಹಂಚಿಕೊಳ್ಳುವವರಿದ್ದರೆ ಮೊದಲು ಜೊತೆಯಾಗಿ ಒಡ್ಡನ್ನು ಗಟ್ಟಿಮಾಡಿರಿ, ಅನಂತರ ಅಳತೆಗೆ ಕೂಡಿರಿ.